ಸಣ್ಣ ಇಂಜಿನ್, ದೊಡ್ಡ ಇಂಜಿನ್, ನಡುವೆ ನನ್ನ ಹಠ

"ನಿಮಗ ಸಣ್ಣದ ಸಾಕ್ರಿ ಮೇಡಂ" ಅಂದ ವಿನಾಯಕ. ನನ್ನ ಪಿತ್ತ ನೆತ್ತಿಗೇರಿದ್ದು ಅಲ್ಲೇ.

ವಿನಾಯಕ ದಾಂಡೇಲಿಯಲ್ಲಿ ರೆಸಾರ್ಟ್ ನಡೆಸುತ್ತಾನೆ. ಅವನ ಹತ್ತಿರ ಎರಡು ಸ್ಪೋರ್ಟ್ಸ್ ಕಾರು, ಒಂದೇ ಮಾಡೆಲ್, ಎರಡೆರಡೇ ಸೀಟು, ಟಾಪ್ ತೆಗೆಯುವಂಥವು. ಕೆಂಪು ಕಾರಿಗೆ ನಾಲ್ಕು ಸಿಲಿಂಡರಿನ ಸಣ್ಣ ಇಂಜಿನ್, ಕರಿ ಕಾರಿಗೆ ಆರು ಸಿಲಿಂಡರಿನ ದೊಡ್ಡದು.

"ಒಂದರ ಮಾರ್ರಿ, ಇಲ್ಲಾಂದ್ರ ನಾ ತವರಿಗೆ ಹೊಂಟೆ" ಎಂದು ಅವನ ಹೆಂಡತಿ ಪಟ್ಟು ಹಿಡಿದಿದ್ದಳಂತೆ. ಯಾವುದನ್ನಾದರೂ ಕೊಡುತ್ತೇನೆ ಎಂದು ನನಗೆ ಫೋನ್ ಮಾಡಿದ್ದ. ಕರಿ ಕಾರು ಸ್ವಲ್ಪ ಹಳೆಯದು, ಹಾಗಾಗಿ ಎರಡರ ರೇಟೂ ಹೆಚ್ಚು ಕಡಿಮೆ ಒಂದೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಹಳಿಯಾಳದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಇಷ್ಟು ವರ್ಷ ಎಡಗಡೆ ಸೀಟಿನಲ್ಲಿ ಕೂತು, "ನಿಧಾನ, ನಿಧಾನ" ಅನ್ನುತ್ತ, ಮಂದಿಯ ಬದಲು ಬ್ರೇಕ್ ಒತ್ತುತ್ತ ಬಂದಿದ್ದೇನೆ.

ವಿನಾಯಕನೂ ನನ್ನ ಕೈಯಲ್ಲೇ ಕಲಿತವನು. ರಿವರ್ಸ್ ಹಾಕಲು ಹೋಗಿ ನಮ್ಮ ಸ್ಕೂಲಿನ ಬೋರ್ಡನ್ನೇ ಕೆಡವಿದ ಪುಣ್ಯಾತ್ಮ! ಈಗ ನನಗೆ ಎಷ್ಟು ದೊಡ್ಡ ಇಂಜಿನ್ ಸಾಕು ಅಂತ ಅವನು ಹೇಳುತ್ತಾನೆ.

"ಯಾಕೋ? ದೊಡ್ಡದು ಯಾಕ ಬ್ಯಾಡ?" ಅಂತ ಕೇಳಿದೆ.

"ಹಂಗಲ್ರಿ ಮೇಡಂ... ಅದು ಭಾಳ ಜೋರ ಐತ್ರಿ. ಹೆಣ್ಮಕ್ಕಳ ಕೈಯಾಗ ನಿಲ್ಲಂಗಿಲ್ಲ."

ಆಯ್ತಲ್ಲ. ಅಲ್ಲಿಯ ತನಕ ನನಗೆ ಯಾವುದಾದರೂ ನಡೆಯುತ್ತಿತ್ತು. ಆ ಮಾತು ಕೇಳಿದ ಮೇಲೆ ಕರಿ ಕಾರೇ ಬೇಕು ಅನ್ನಿಸಿತು.

ಮುಂಡಗೋಡ ಹತ್ತಿರದ ಇಂದೂರಿನ ತವರಿನ ಹೊಲದಲ್ಲಿ ನನ್ನ ಪಾಲು ಅಂತ ಅಣ್ಣಂದಿರು ಕೊಟ್ಟ ದುಡ್ಡು ಇದು. ಬಂಗಾರ ಮಾಡಿಸು ಅಂದವರುಂಟು, ಸೈಟ್ ತಗೋ ಅಂದವರುಂಟು. ನನಗೆ ಬೇಕಾದದ್ದು ಒಂದು ಕಾರು, ಕಲಿಯುವವರ ಕೈಗೆ ಕೊಡದೆ ನಾನೊಬ್ಬಳೇ ಓಡಿಸುವಂಥದ್ದು. ಇಂಥ ದುಡ್ಡು ಮತ್ತೆ ಬರುವುದಿಲ್ಲ, ಆರಿಸುವುದರಲ್ಲಿ ಎಡವಿದರೆ ಜೀವನಪೂರ್ತಿ ಚಡಪಡಿಸುವುದೇ.

ನಮ್ಮ ಯಜಮಾನರು ಪೇಪರ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ನೇರ ರೆಸಾರ್ಟಿಗೇ ಬಂದಿದ್ದರು. "ಒಮ್ಮೆ ತಗೊಳ್ಳಾಕತ್ತಿ, ದೊಡ್ಡದ ತಗೋ" ಅಂತ ಅವರದೂ ವೋಟು.

ಹಳಿಯಾಳದ ತನಕ ಕರಿ ಕಾರು, ವಾಪಸ್ ಬರುವಾಗ ಕೆಂಪು ಕಾರು ಅಂತ ಮಾತಾಯಿತು. ಇನ್ನೊಂದು ಕಾರಿನಲ್ಲಿ ವಿನಾಯಕ ನಮ್ಮ ಹಿಂದೆ.

ಕರಿ ಕಾರು ಸ್ಟಾರ್ಟ್ ಮಾಡಿದರೆ... ಅಬ್ಬಬ್ಬಾ, ಏನದು ಸೌಂಡು! ಎದೆಯೊಳಗೇ ಯಾರೋ ಗುಡುಗಿದ ಹಾಗಾಯಿತು. ಊರು ದಾಟಲಿ, ತೋರಿಸುತ್ತೇನೆ ಅಂದುಕೊಂಡೆ.

ಆದರೆ ಊರು ದಾಟಿದರೆ ಮುಂದೆ ಒಂದು ಆಟೋ. ಓಡಿಸುವವನು ನನ್ನ ಶಿಷ್ಯ. ಟಾಪ್ ತೆಗೆದ ಕಾರಿನಲ್ಲಿ ಕೂತ ನನ್ನನ್ನು ಕನ್ನಡಿಯಲ್ಲಿ ನೋಡಿದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಸ್ಪೀಡ್ ಇಳಿಸಿದ!

ಅವನನ್ನು ದಾಟಿದರೆ ಒಂದು ಟೆಂಪೊ, ಅದೂ ನನ್ನ ಶಿಷ್ಯನೇ. ಅದರ ಮುಂದೆ ಮುಂಡಗೋಡ ಟಿಬೆಟನ್ ಕಾಲೊನಿಯ ಜೀಪು. ಅದನ್ನು ಓಡಿಸುತ್ತಿದ್ದ ಸನ್ಯಾಸಿಗೂ ಸ್ಟೇರಿಂಗ್ ಹಿಡಿಸಿದವಳು ನಾನೇ. ಅವರಂತೂ ಒಂದು ಕೈ ಎತ್ತಿ ನಮಸ್ಕಾರ ಮಾಡಿ, ಬೇಕಿಲ್ಲದಿದ್ದರೂ ಇಂಡಿಕೇಟರ್ ಹಾಕಿದರು.

ಎಲ್ಲರೂ ನಲವತ್ತರ ಸ್ಪೀಡಿನಲ್ಲಿ, ಶಿಸ್ತಾಗಿ. ನಾನೇ ಕಲಿಸಿದ ಶಿಸ್ತು, ನಾನೇ ಅನುಭವಿಸಬೇಕು. ಶಿಷ್ಯಂದಿರ ಕಣ್ಣೆದುರು ಟೀಚರ್ ಭರ್ ಅಂತ ನುಗ್ಗಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ.

ಆ ದೊಡ್ಡ ಇಂಜಿನ್ನಿಗೆ ನಲವತ್ತು ಅಂದರೆ ಲೆಕ್ಕಕ್ಕೇ ಇಲ್ಲ. ಸ್ವಲ್ಪ ಒತ್ತಿದರೆ ಮುಂದಿನವರ ಬಂಪರಿಗೆ ಹೋಗಿ ನಿಲ್ಲುತ್ತದೆ, ಬಿಟ್ಟರೆ ಸುಮ್ಮನೆ ಗುರುಗುಟ್ಟುತ್ತದೆ. ಪಕ್ಕಕ್ಕೆ ನೋಡಿದೆ. ಯಜಮಾನರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ.

ಹಳಿಯಾಳದಲ್ಲಿ ಚಹಾ ಕುಡಿದು ಕೆಂಪು ಕಾರು ಹತ್ತಿದೆವು.

ಅದೇ ರಸ್ತೆ, ಅಂಥ ಶಿಷ್ಯಂದಿರೇ. ಕಾಡು ಶುರುವಾಗುವಲ್ಲಿ ಮುಂದಿದ್ದ ಬಸ್ಸು ಸ್ಟಾಪಿನಲ್ಲಿ ನಿಂತಿತು. ಮುಂದೆ ಖಾಲಿ ತಿರುವುಗಳು.

ಎರಡನೇ ಗೇರಿಗೆ ಹಾಕಿ ಒತ್ತಿದೆ. ಇಂಜಿನ್ "ಹೋಗೂಣು ಬಾ" ಅಂತ ಕೂಗಿದ ಹಾಗೆ ಮೇಲೇರಿತು. ಸಣ್ಣ ಇಂಜಿನ್ ಆದ್ದರಿಂದ ಕಾರಿನ ಮೂತಿ ಹಗುರ, ಸ್ಟೇರಿಂಗ್ ತಿರುಗಿಸುವ ಮೊದಲೇ ತಿರುಗುತ್ತದೆ. ಒಂದು ತಿರುವು, ಗೇರು, ಇನ್ನೊಂದು ತಿರುವು, ಮತ್ತೆ ಗೇರು... ಕೈಕಾಲಿಗೆಲ್ಲ ಕೆಲಸ.

ಸ್ಪೀಡ್ ನೋಡಿದರೆ ಬರೀ ಅರವತ್ತು! ನಾನು ನಗುತ್ತಿದ್ದೆ, ಒಬ್ಬಳೇ, ಜೋರಾಗಿ. ಇಷ್ಟು ವರ್ಷ ಡ್ರೈವಿಂಗ್ ಕಲಿಸಿದ್ದೇನೆ, ಡ್ರೈವಿಂಗ್ ಮಾಡಿಯೇ ಇರಲಿಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಯಜಮಾನರಿಗೆ ನಿದ್ದೆ ಹಾರಿಹೋಗಿತ್ತು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಸೀಟು ಹಿಡಿದು, "ಏ, ಇನ್ನೊಂದ ತಿರುವು ಐತೇನ ಮುಂದ?" ಅಂತ ಕೇಳುತ್ತಿದ್ದಾರೆ.

ಮನಸ್ಸಿಗೆ ಉತ್ತರ ಸಿಕ್ಕಿತ್ತು. ಹಠಕ್ಕೆ ಸಿಕ್ಕಿರಲಿಲ್ಲ.

ಕೆಂಪು ಕಾರು ತಗೊಂಡರೆ ವಿನಾಯಕನ ಮಾತೇ ಗೆದ್ದ ಹಾಗೆ. ನಾಳೆಯಿಂದ ದಾಂಡೇಲಿ ತುಂಬಾ ಹೇಳಿಕೊಂಡು ತಿರುಗುತ್ತಾನೆ. ಕರಿ ಕಾರು ತಗೊಂಡರೆ ಅವನ ಬಾಯಿ ಬಂದ್.

ಅಲ್ಲ, ಅವನ ಬಾಯಿ ಬಂದ್ ಮಾಡಲು ದಿನಾ ಬೇಜಾರಿನ ಕಾರು ಓಡಿಸುವವಳು ಯಾರು? ನಾನೇ ತಾನೆ?

ರೆಸಾರ್ಟಿಗೆ ಬಂದು ಇಳಿದೆ. ಕೆಂಪು ಕಾರಿನ ಕೀ ತೋರಿಸಿ, "ಇದು ನಂದು" ಅಂದೆ.

ವಿನಾಯಕನ ಮುಖ ಊರಗಲ. "ನಾ ಹೇಳಿದ್ದಿಲ್ಲೇನ್ರಿ ಮೇಡಂ? ನಿಮಗ ಸಣ್ಣದ ಸಾಕಂತ!"

"ಸಾಕಂತ ತಗೊಳ್ಳಾಕತ್ತಿಲ್ಲೋ ವಿನಾಯಕ. ಬೇಕಂತ ತಗೊಳ್ಳಾಕತ್ತೇನಿ."

ನೀವು ಹೇಳಿ... ಇಷ್ಟು ಸಾಕು ಅಂತಲ್ಲ, ಇದೇ ಬೇಕು ಅಂತ ಕಡೆಯ ಸಲ ಏನು ತಗೊಂಡಿರಿ?