ರಸ್ತೆ ಕಾಯುವ ಓದೆತ್

ಅರವತ್ತೊಂದು ಜನರ ಸಾಂ-ವೋರಿ ಹಳ್ಳಿಯಲ್ಲಿ ರಸ್ತೆ, ಚರಂಡಿ, ಬೇಲಿ ನೋಡಿಕೊಳ್ಳುವ ಕೆಲಸ ಓದೆತ್ ಮಾರ್ಸಲೆಯದು. ಮೂವತ್ತು ವರ್ಷ ಕುಡುಗೋಲು ಹಿಡಿದು ಅಲ್ಲೆಲ್ಲ ನಡೆದವಳು. ಅವಳು ಹೆಸರು ಹಿಡಿದು ಕರೆದರೆ ರಸ್ತೆಯ ಗುಂಡಿಗಳೂ ಓಗೊಡುತ್ತವೆ ಎಂದು ಊರವರ ನಂಬಿಕೆ. ದಾರಿ ಕೇಳಿದವರಿಗೆ, "ಕತ್ತೆ ಹಳ್ಳ ದಾಟಿ, ಕುಂಟ ಓಕ್ ಮರಕ್ಕೆ ನಮಸ್ಕಾರ ಹೇಳಿ ಮೇಲೆ ಹತ್ತಿ" ಎನ್ನುವಳು. ಫೋನಿನ ನಕ್ಷೆ ತೋರಿಸಿದರೆ, "ಅದರ ಕಾಲು ಯಾವತ್ತಾದ್ರೂ ಇಲ್ಲಿ ಕೆಸರಾಗಿದೆಯಾ, ಕೇಳಿ ನೋಡಿ" ಎಂದು ಕುಟುಕುವಳು. ಬೇಸಿಗೆಯಲ್ಲಿ ಒಣಗುವ ಆ ಹಳ್ಳವನ್ನು ಯಾರಾದರೂ ಚರಂಡಿ ಎಂದರೆ, ಅವರ ಮನೆ ಮುಂದಿನ ಹುಲ್ಲು ತಿಂಗಳುಗಟ್ಟಲೆ ಅವಳ ಕಣ್ಣಿಗೆ ಬೀಳುವುದಿಲ್ಲ. ಅಂಥವಳ ಮುಂದೆ ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬ ಹೊಸ ನಕ್ಷೆ ಬಿಚ್ಚಿದ. ಗುಡ್ಡದ ಮೇಲಿನ ಬೆಸಾದ್ ಎಂಬ ಕೇರಿ ಅದರಲ್ಲಿರಲಿಲ್ಲ. "ಅಲ್ಲಿ ಒಂದು ಗೋಡೆಯೂ ಉಳಿದಿಲ್ಲ ಮದಾಮ್. ಆ ದಾರಿಯ ಹುಲ್ಲು ಕೊಯ್ಯೋದು ಇನ್ನು ನಿಲ್ಲಿಸಿ. ಅಲ್ಲಿಗೆ ಸೇರಿದವರು ಈಗ ಯಾರಿದಾರೆ?" ಎಂದ. ಓದೆತ್ ಪಂಚಾಯಿತಿಯ ಹಳೆಯ ಜನನ ಪುಸ್ತಕ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಬೆಸಾದ್‌ನಲ್ಲಿ ಕೊನೆಯದಾಗಿ ಹುಟ್ಟಿದ ಮಗುವಿನ ಹೆಸರು ಅವಳದೇ. "ನಾನು ಎಲ್ಲೂ ಹುಟ್ಟೇ ಇಲ್ಲ ಅಂತ ಬರೆದುಕೊಡಿ. ನಿಲ್ಲಿಸ್ತೀನಿ" ಎಂದಳು. ಅಧಿಕಾರಿ ಬರೆದುಕೊಡಲಿಲ್ಲ. ಓದೆತ್ ಗುಡ್ಡದ ದಾರಿಯನ್ನು ಬಿಡಲೂ ಇಲ್ಲ.