ಸರಕುನೌಕೆಯ ಹಿಂದಿನ ಭಾಗ

ಮೊನ್ನೆ ರೇಡಿಯೋ ರಿಪೇರಿಗೆ ಕೊಡಲು ಹೋದಾಗ ಬೆಸುಗೆಯ ಹೊಗೆ ಮೂಗಿಗೆ ಬಂತು. ಹರಿಹರದ ನಮ್ಮ ಬೀದಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಚಾಚಾ ನೆನಪಾದರು...

ಆಗ ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ, ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ಯುವ ರಷ್ಯಾದ ಮಾನವರಹಿತ ನೌಕೆಯ ಮಾದರಿಯನ್ನು ಆರಿಸಿಕೊಂಡಿದ್ದೆ. ಮುಂದೆ ಸರಕು, ನಡುವೆ ಇಂಧನದ ತೊಟ್ಟಿ, ಹಿಂದೆ ಸೇವಾ ವಿಭಾಗ. ರಟ್ಟಿನಲ್ಲಿ ಮಾಡಿದ್ದು ಎರಡು ಸಲ ಕುಸಿಯಿತು. ಪತ್ರಿಕೆಯ ಚಿತ್ರ ಹಿಡಿದು ಚಾಚಾ ಹತ್ತಿರ ಹೋದೆ.

"ಹಿಂದಿನ ಡಬ್ಬಿಗೇ ಇಷ್ಟ್ಯಾಕ ಕುಸುರಿ?" ಎಂದರು.

"ಎಂಜಿನ್ನು, ಯಂತ್ರ ಎಲ್ಲಾ ಅದರಲ್ಲೇ ಚಾಚಾ. ತಳ್ಳೋದೂ ಅದೇ, ತಿರುಗಿಸೋದೂ ಅದೇ."

"ವಾಪಸ್ ಬರ್ತೈತೇನು?"

"ಇಲ್ಲ. ಕಸ ತುಂಬಿ ಬಿಟ್ಟುಬಿಡ್ತಾರೆ. ಬರೋ ದಾರೀಲಿ ಸುಟ್ಟುಹೋಗುತ್ತೆ."

ಚಾಚಾ ನಕ್ಕರು. "ಸಾಮಾನು ಮುಟ್ಟಿಸಿದ ಮ್ಯಾಲೆ ಕಸಾನೂ ಹೊರಿಸ್ತಾರ? ನಮ್ ಪ್ಯಾಟೆ ಸಾವ್ಕಾರ್ರು ಅಲ್ಲೂ ಅದಾರೆ ಬಿಡವ್ವ!"

ಪ್ಲಾಸ್ಟಿಕ್ ಬಕೆಟ್ಟು ಬಂದ ಮೇಲೆ ಅವರ ಅಂಗಡಿಗೆ ಬರುವವರು ಕಡಿಮೆಯಾಗಿದ್ದರು. ಆದರೂ ಮಾದರಿಗೆ ದುಡ್ಡು ಬೇಡವೆಂದರು. "ನಿಮ್ ಲ್ಯಾಬಿಗೆ ತಗಡಿನ ಸಾಮಾನು ಬೇಕಾಗ್ತಾವಲ್ಲ. ಇದನ್ನ ಯಾರ್ ಮಾಡಿದ್ದು ಅಂತ ಕೇಳಿದ್ರೆ ನನ್ನ ತೋರ್ಸು. ಆ ಕೆಲ್ಸ ಸಿಕ್ರೆ ಅಂಗಡಿ ಉಳೀತೈತೆ ತಾಯಿ."

ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಬಸ್ಸಿಗೇ ಬಂದರು. ಕೊಠಡಿಯ ಬಾಗಿಲಲ್ಲಿ ನಿಂತರು. ಭೌತಶಾಸ್ತ್ರದ ಮುಖ್ಯಸ್ಥರು ಸೇವಾ ವಿಭಾಗದ ಬೆಸುಗೆಯ ಮೇಲೆ ಬೆರಳಾಡಿಸಿದರು. ಎಲ್ಲಿಯೂ ಕೂದಲಷ್ಟೂ ಉಬ್ಬಿರಲಿಲ್ಲ.

"ಯಾರಮ್ಮ ಮಾಡಿದ್ದು?"

ಮಾದರಿಯನ್ನು ವಿದ್ಯಾರ್ಥಿಗಳೇ ಮಾಡಿರಬೇಕೆಂಬ ನಿಯಮವಿತ್ತು. ನನಗೆ ಬಹುಮಾನ ಬೇಕಿತ್ತು.

"ನಾನೇ ಸರ್."

"ಭೇಷ್! ಇಂಥ ಕೆಲಸಗಾರ ಒಬ್ಬ ಸಿಕ್ಕಿದ್ರೆ ಲ್ಯಾಬಿನ ಕೆಲಸವೆಲ್ಲ ಅವನಿಗೇ ಕೊಡ್ತಿದ್ದೆ."

ಬಾಗಿಲ ಕಡೆ ನಾನು ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಚಾಚಾ ನನ್ನ ಮುಂದಿನ ಸೀಟಿನಲ್ಲಿದ್ದರು. ಹರಿಹರ ಬರುವತನಕ ತಿರುಗಲಿಲ್ಲ. ಇಳಿಯುವಾಗ ಮಾತ್ರ ಕೇಳಿದರು: "ಬೆಸುಗೆ ಎಲ್ಲೂ ಬಿಟ್ಟಿಲ್ಲಲ್ಲವ್ವ?"

"ಇಲ್ಲ ಚಾಚಾ" ಎಂದೆ.

ಆರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಚಾಚಾ ಮಗಳ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ತಡವಾಗಿ ತಿಳಿಯಿತು.

ಈಗ ಅದೇ ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಸಣ್ಣಪುಟ್ಟ ತಗಡಿನ ಸಾಮಾನು ಯಾರ ಹತ್ತಿರ ಮಾಡಿಸೋಣವೆಂದು ನನ್ನನ್ನೇ ಕೇಳುತ್ತಾರೆ. ತೋರಿಸಲು ಅವರಿಲ್ಲ.