ಮೂವತ್ತಾರರ ಕೋಟು

ನನ್ನ ಅಕ್ಕನ ಮಗಳನ್ನು ನಾವೆಲ್ಲ ಮೆಣಸಿನಕಾಯಿ ಎಂದೇ ಕರೆಯುವುದು. ಹದಿನಾರು ವರ್ಷ, ಮನಸ್ಸಿಗೆ ಬಂದದ್ದನ್ನು ಕಡ್ಡಿ ಮುರಿದಂತೆ ಹೇಳುವ ಹುಡುಗಿ. ನಾನು ಹೊಸ ಚಪ್ಪಲಿ ತಂದರೆ, ಚಿಕ್ಕಮ್ಮ, ನೀನು ಮೋಸ ಹೋದೆ ಅನ್ನುತ್ತಾಳೆ. ಅಕ್ಕ ಟೈಲರ್. ಮುಂದಿನ ಕೋಣೆಯೇ ಅಂಗಡಿ, ಪರದೆಯ ಹಿಂದೆ ಸಂಸಾರ. ಗಿರಾಕಿ ಬಂದರೆ ಸಾಕು, ಮಗಳ ಬಾಯಿಗೆ ಹೆದರಿ ಅವಳನ್ನು ಒಳಗೆ ಅಟ್ಟುತ್ತಿದ್ದಳು.

ಆ ಅಕ್ಕ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಎರಡು ತಿಂಗಳು ಪ್ಲಾಸ್ಟರ್. ಭಾವ ತೀರಿಕೊಂಡು ಆರು ವರ್ಷ. ಮನೆ ನಡೆಯುವುದು ಹೊಲಿಗೆ ಮಿಷನ್ನಿನಿಂದಲೇ. ಗಿರಾಕಿಗಳು ಒಮ್ಮೆ ರೆಡಿಮೇಡ್ ಅಂಗಡಿಯ ದಾರಿ ಹಿಡಿದರೆ ಮತ್ತೆ ಬರುವುದಿಲ್ಲ ಎಂದು ಅಕ್ಕ ಅಳುತ್ತಾ ಕೂತಳು. ಹುಡುಗಿ ಶಾಲೆಯ ಚೀಲ ಇಳಿಸಿದವಳೇ ಮಿಷನ್ ಮುಂದೆ ಕೂತಳು. ಹೊಲಿಗೆ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

ಮೊದಲ ದೊಡ್ಡ ಕೆಲಸ ಪೋಸ್ಟ್ ಮೇಡಂ ಅವರ ಕೋಟು. ಶನಿವಾರ ಅವರ ನಿವೃತ್ತಿ ಸಮಾರಂಭ. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತ ಆಕೆಯ ಮಾತು ಇಡೀ ಪೇಟೆಯ ಕಿವಿಗೆ ಬೀಳುತ್ತದೆ. ಕೋಟು ಹಿಡಿಸಿದರೆ ಅಂಗಡಿ ಉಳಿಯಿತು, ಇಲ್ಲದಿದ್ದರೆ ಕದ ಹಾಕಿದಂತೆಯೇ. ಹುಡುಗಿ ಅಮ್ಮನ ಅಳತೆ ಪುಸ್ತಕ ತೆಗೆದು, ಸೊಂಟ ಮೂವತ್ತಾರು ಎಂದಿದ್ದಂತೆ ಕೂದಲೆಳೆಯಷ್ಟೂ ತಪ್ಪದೆ ಹೊಲಿದಳು.

ಗುರುವಾರ ಮೇಡಂ ಇಬ್ಬರು ಗೆಳತಿಯರ ಜೊತೆ ಬಂದರು. ಕೋಟು ಹಾಕಿಕೊಂಡರು, ಉಸಿರು ಎಳೆದುಕೊಂಡರು, ಗುಂಡಿ ಮಾತ್ರ ಕಾಜಾ ಮುಟ್ಟಲಿಲ್ಲ. ಪರದೆಯ ಹಿಂದೆ ನನ್ನ ಪಕ್ಕದಲ್ಲಿದ್ದ ಅಕ್ಕ ಹಣೆ ಚಚ್ಚಿಕೊಂಡು ಗುಟ್ಟು ಹೇಳಿದಳು. ಪುಸ್ತಕದಲ್ಲಿ ಗಿರಾಕಿಗೆ ಇಷ್ಟವಾಗುವ ಅಳತೆ ಬರೆಯುತ್ತಾಳಂತೆ, ಕತ್ತರಿಸುವಾಗ ಮೂರು ಇಂಚು ಸೇರಿಸುತ್ತಾಳಂತೆ. ಮಗಳಿಗೆ ತಿಳಿದರೆ ಡಂಗುರ ಸಾರುತ್ತಾಳೆ ಎಂದು ಮುಚ್ಚಿಟ್ಟಿದ್ದಳು. ಹಾಗಾದರೆ ನನ್ನ ಮೂವತ್ತೆರಡರ ಗತಿ ಏನು ಎಂದು ಕೇಳಲು ಅದು ಹೊತ್ತಾಗಿರಲಿಲ್ಲ.

"ನನ್ನದು ಯಾವಾಗ್ಲೂ ಮೂವತ್ತಾರೇ," ಎಂದರು ಮೇಡಂ, ಗೆಳತಿಯರ ಕಡೆ ನೋಡದೆ.

ಹುಡುಗಿ ಟೇಪು ಹಿಡಿದು ಅಳೆದಳು. ಅಂಕಿ ನೋಡಿದಳು. ಅವಳ ಬಾಯಿ ತೆರೆದದ್ದು ಪರದೆಯ ಸಂದಿಯಿಂದ ಕಂಡಿತು, ಇನ್ನೇನು ಅಂಗಡಿ ಮುಚ್ಚಿತು ಅಂದುಕೊಂಡೆ.

"ಮೂವತ್ತಾರೇ ಮೇಡಂ. ಕತ್ತರಿಸೋವಾಗ ನಾನೇ ಎಡವಟ್ಟು ಮಾಡಿದ್ದೀನಿ. ಶನಿವಾರ ಬೆಳಿಗ್ಗೆ ಸರಿ ಮಾಡಿ ಕೊಡ್ತೀನಿ."

ಎಳೇ ಹುಡುಗಿಯ ಕೈಗೆ ಕೊಟ್ಟರೆ ಹೀಗೇ ಆಗುವುದು ಎಂದು ಗೆಳತಿಯರಲ್ಲೊಬ್ಬಳು ಮೂಗು ಮುರಿದಳು. ನಮ್ಮ ಮೆಣಸಿನಕಾಯಿ ತುಟಿ ಪಿಟಕ್ಕೆನ್ನಲಿಲ್ಲ. ಒಳಗೆ ಬಂದು ಅಮ್ಮನನ್ನು ಒಮ್ಮೆ ದುರುಗುಟ್ಟಿ ನೋಡಿ, ಎರಡೂ ಬದಿಯ ಹೊಲಿಗೆ ಬಿಚ್ಚಿ ಉಳಿದ ಬಟ್ಟೆಯ ಪಟ್ಟಿ ಕೂಡಿಸಿದಳು. ನೋಡಿದವರು ಅದು ಹೊಸ ಫ್ಯಾಷನ್ ಅಂದುಕೊಳ್ಳಬೇಕು, ಹಾಗಿತ್ತು. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ಸೂಜಿ ಚುಚ್ಚೀತು ಎಂದು ಸುಮ್ಮನಾದೆ.

ಶನಿವಾರ ಮೇಡಂ ಒಬ್ಬರೇ ಬಂದರು. ಗುಂಡಿ ಸಲೀಸಾಗಿ ಕೂತಿತು. ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, ನಿಜವಾಗಿ ಎಷ್ಟಿತ್ತು ಎಂದು ಕೇಳಿದರು. ಹುಡುಗಿ ಮೆಲ್ಲಗೆ ಮೂವತ್ತೊಂಬತ್ತು ಎಂದಳು.

"ಗೊತ್ತು ಕಣಮ್ಮ. ಅವರ ಮುಂದೆ ಹೇಳ್ಲಿಲ್ವಲ್ಲ ನೀನು. ನನ್ನ ಸ್ವಂತ ಮಗಳಾಗಿದ್ರೆ ಹೇಳಿಬಿಡ್ತಿದ್ಲು."

ಮುಂದಿನ ವಾರ, ಮೇಡಂ ಹೇಳಿ ಕಳಿಸಿದರೆಂದು, ಆ ಗೆಳತಿಯರಿಬ್ಬರೂ ಬಟ್ಟೆ ಹಿಡಿದುಕೊಂಡು ಬಂದರು. ಅಕ್ಕ ಎಡಗೈಯಲ್ಲೇ ಟೇಪು ಎತ್ತಿಕೊಂಡು ಎದ್ದಳು. ಮೂಗು ಮುರಿದಿದ್ದವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನೀವು ಬೇಡ. ಅಳತೆ ನಿಮ್ಮ ಮಗಳೇ ತಗೊಳ್ಳಲಿ."